ಕಿಟಕಿ ಪಕ್ಕದ ಸೀಟು

ಚಿಕ್ಕಬಳ್ಳಾಪುರದಿಂದ ಶಿಡ್ಲಘಟ್ಟದ ಮೇಲೆ ಚಿಂತಾಮಣಿಗೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟಿಗೆ ಟವೆಲ್ ಎಸೆಯುವವರು, ಅದರ ಮುಂದಿನ ಸೀಟಿನಲ್ಲಿ ಯಾರಿದ್ದಾರೆಂದು ಮೊದಲು ನೋಡಿಕೊಳ್ಳಬೇಕು. ನನ್ನ ಮುಂದಿದ್ದ ಯಜಮಾನರ ಬಾಯಿ ತುಂಬ ಎಲೆಯಡಿಕೆ. ಅವರೇನೋ ರಸ್ತೆಗೇ ಉಗಿದರು. ಗಾಳಿ ಮಾತ್ರ ಅದರಲ್ಲಿ ನನ್ನ ಎಡಗಣ್ಣಿಗೂ ಒಂದು ಪಾಲು ಎತ್ತಿಟ್ಟಿತು. "ಪಡಿಂದಾ ಅಣ್ಣಾ?" ಎಂದು ತೆಲುಗಿನಲ್ಲಿ ಕನಿಕರಪಟ್ಟು, ಉತ್ತರಕ್ಕೆ ಕಾಯದೆ ಇನ್ನೊಂದು ಎಲೆಗೆ ಸುಣ್ಣ ಸವರತೊಡಗಿದರು.

ಕಣ್ಣಿಗೆ ಒಂದು ಬಾಟಲಿ ನೀರು ಸಾಕಾಯಿತು. ಮನಸ್ಸಿಗೆ ಸಾಲಲಿಲ್ಲ. ಶಿಡ್ಲಘಟ್ಟ ಬರುವಷ್ಟರಲ್ಲಿ ನನಗೆ ಕ್ಷಯ; ರೇಷ್ಮೆಗೂಡಿನ ಚೀಲ ಹೊತ್ತವರು ಹತ್ತಿ ಇಳಿಯುವಷ್ಟರಲ್ಲಿ ಕಾಮಾಲೆ; ಚಿಂತಾಮಣಿ ಮುಟ್ಟಿದಾಗ ಏಡ್ಸ್.

ಪರಿಚಯದ ಡಾಕ್ಟರು ಕಣ್ಣಿಗೆ ಟಾರ್ಚ್ ಬಿಟ್ಟು ನಕ್ಕರು. "ಎಂಜಲಿನಿಂದ ಎಚ್‌ಐವಿ ಬರಲ್ಲ ಸ್ವಾಮಿ. ಸೋಂಕಿದ್ದವರ ರಕ್ತವೇ ಕಣ್ಣಿಗೆ ಸಿಡಿದರೂ ತಗಲೋದು ಸಾವಿರಕ್ಕೆ ಒಂದು. ಅದಕ್ಕೂ 72 ಗಂಟೆಯೊಳಗೆ ಶುರು ಮಾಡಿ 28 ದಿನ ನುಂಗೋ ಮಾತ್ರೆ ಇದೆ. ನಿಮಗೆ ಏನೂ ಬೇಡ. ಉಜ್ಜಬೇಡಿ, ಅಷ್ಟೆ." ಇಷ್ಟು ಹೆದರಿ ಬಂದವನಿಗೆ ಒಂದು ಹನಿ ಔಷಧಿಯನ್ನಾದರೂ ಬರೆದುಕೊಡಬಾರದೇ ಎನಿಸಿತು.

ಮಾತು ಬೆಳೆಸಲೆಂದು ಗೌರಿಬಿದನೂರು ಕಡೆಯ ನಮ್ಮ ಅತ್ತಿಗೆಯ ಧೈರ್ಯ ಹೊಗಳಿದೆ. ಅವರ ಹಸು ಏಳು ತಿಂಗಳಿಗೇ ಕಂದು ಹಾಕಿತ್ತು. ಮಾಸು ಬೀಳದೆ ಅತ್ತಿಗೆ ಬರಿಗೈಯಲ್ಲೇ ಎಳೆದರಂತೆ. ಆ ನೀರು ಕಣ್ಣಿಗೆ ಸಿಡಿದರೆ ಸೆರಗಿನಲ್ಲಿ ಒರೆಸಿಕೊಂಡು, ಉಳಿದ ಹಸುಗಳ ಹಾಲು ಕರೆದು ಡೈರಿಗೆ ಹಾಕಿ ಬಂದರಂತೆ.

ಡಾಕ್ಟರ ನಗು ನಿಂತಿತು. ಹೆದರಬೇಕಾದ್ದು ಇದಕ್ಕೇ ಅಂತೆ. ಬ್ರೂಸೆಲ್ಲೋಸಿಸ್. 1887ರಲ್ಲಿ ಡೇವಿಡ್ ಬ್ರೂಸ್ ಮಾಲ್ಟಾದ ಸೈನಿಕರಲ್ಲಿ ಪತ್ತೆಹಚ್ಚಿದ ರೋಗಾಣು, ಕಂದು ಹಾಕಿದ ಹಸುವಿನ ಮಾಸಿನಲ್ಲಿ, ನೀರಿನಲ್ಲಿ ತುಂಬಿಕೊಂಡಿರುತ್ತದೆ. ಕಣ್ಣಿನ ಪೊರೆಯ ಮೂಲಕವೂ ಒಳಗೆ ಹೋಗುತ್ತದೆ. ವಾರಗಳ ಮೇಲೆ ಬಿಟ್ಟು ಬಿಟ್ಟು ಜ್ವರ, ಬೆವರು, ಕೀಲುನೋವು. ಟೈಫಾಯ್ಡ್ ಎಂದುಕೊಂಡು ತಿಂಗಳು ಕಳೆಯುವವರೂ ಉಂಟು. ಹೆಣ್ಣುಗರುವಿಗೆ 4ರಿಂದ 8 ತಿಂಗಳೊಳಗೆ ಒಂದೇ ಒಂದು ಲಸಿಕೆ ಹಾಕಿಸಿದ್ದರೆ ಈ ಚಿಂತೆ ಬಹುಪಾಲು ತಪ್ಪುತ್ತಿತ್ತು.

ಅಲ್ಲಿಂದಲೇ ಅತ್ತಿಗೆಗೆ ಫೋನ್ ಮಾಡಿ, ಜ್ವರವಿಲ್ಲದಿದ್ದರೂ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ ಎಂದೆ.

"ಮೊದ್ಲು ಹಸೀಂದು ಮಾಡಿಸ್ತೀನಪ್ಪ," ಎಂದರು. "ಮನೇಲಿ ದುಡಿಯೋದು ಅದು."