ಕತ್ತರಿ, ಗೋಂದು ಮತ್ತು ಮೂವತ್ಮೂರು ಕೋಟಿ

ಯಾವ ಕಾಗದವನ್ನೂ ಅರ್ಧಕ್ಕರ್ಧ ಮಾಡುತ್ತ ಏಳು ಸಲಕ್ಕಿಂತ ಹೆಚ್ಚು ಮಡಚಲು ಬರುವುದಿಲ್ಲ ಎಂದು ನಮ್ಮ ಟೀಚರ್ ಮೊದಲ ದಿನವೇ ಹೇಳಿಬಿಟ್ಟರು. ಟೀಚರ್‌ಗೆ ಇನ್ನೂ ಇಪ್ಪತ್ತನಾಲ್ಕೋ ಇಪ್ಪತ್ತೈದೋ. ಇಂಜಿನಿಯರಿಂಗ್ ಮುಗಿಸಿ, ಬೆಂಗಳೂರಿನ ಯಾವುದಾದರೂ ಕಂಪನಿ ಕರೆಯುವವರೆಗೆ ಇರಲಿ ಎಂದು ಬೇಸಿಗೆ ರಜೆಯಲ್ಲಿ ಮನೆಯ ಮಹಡಿ ಮೇಲೆ ಪೇಪರ್ ಕ್ರಾಫ್ಟ್ ಕ್ಲಾಸು ಶುರುಮಾಡಿದವರು. ವಿದ್ಯಾರ್ಥಿಗಳೆಲ್ಲ ಮೂರನೇ ಕ್ಲಾಸಿನಿಂದ ಏಳನೇ ಕ್ಲಾಸಿನವರು. ಅವರ ನಡುವೆ ಚಕ್ಕಳಮಕ್ಕಳ ಹಾಕಿ ಕೂತ ಪೆನ್ಷನ್‌ದಾರ ನಾನು. ಏಳು ಅಂದರೆ ಚಿತ್ರದುರ್ಗದವನು ಸುಮ್ಮನೆ ಕೂರುತ್ತಾನೆಯೇ? "ಏಳು ಸುತ್ತಿನ ಕೋಟೇನೇ 1779ರಲ್ಲಿ ಹೈದರಾಲಿ ಹಿಡಿದ, ಇದೇನು ಮಹಾ" ಎಂದು ದಿನಪತ್ರಿಕೆಯ ದೊಡ್ಡ ಹಾಳೆ ಎತ್ತಿಕೊಂಡು ಎದ್ದೆ. ಐದರವರೆಗೆ ಬೆರಳು ಸಾಕಾಯಿತು. ಆರಕ್ಕೆ ಅಂಗೈ, ಏಳಕ್ಕೆ ಮೊಣಕಾಲು. ಎಂಟಕ್ಕೆ ಬೇರೆ ದಾರಿ ಕಾಣದೆ ಅದನ್ನು ನೆಲಕ್ಕಿಟ್ಟು ಮೇಲೆ ಕುಳಿತೆ. "ತಾತ, ಎದ್ದೇಳಿ, ಅದು ಮರಿ ಆಗಲ್ಲ" ಎಂದಳು ಎರಡು ಜಡೆಯ ಹುಡುಗಿ.

ಮನೆಗೆ ಬಂದು ಹುಡುಕಿದೆ. 2002ರಲ್ಲಿ ಅಮೆರಿಕದ ಬ್ರಿಟ್ನಿ ಗ್ಯಾಲಿವನ್ ಎಂಬ ಹೈಸ್ಕೂಲ್ ಹುಡುಗಿ ಒಂದೇ ಕಾಗದವನ್ನು ಹನ್ನೆರಡು ಸಲ ಮಡಚಿ ತೋರಿಸಿದ್ದಾಳೆ. ಅಂದರೆ ಟೀಚರ್ ಹೇಳಿದ್ದು ತಪ್ಪು! ಆದರೆ ಆಕೆಗೆ ಅದಕ್ಕಾಗಿ ಒಂದು ಕಿಲೋಮೀಟರಿಗೂ ಉದ್ದದ ಟಾಯ್ಲೆಟ್ ಕಾಗದ ಬೇಕಾಯಿತಂತೆ. ನಾನು ಬಿ.ಡಿ. ರಸ್ತೆಯಲ್ಲಿ ಅಷ್ಟುದ್ದ ಕಾಗದ ಹಾಸಿದರೆ ಟ್ರಾಫಿಕ್ ಪೊಲೀಸರು ನನ್ನನ್ನೇ ಮಡಚುತ್ತಾರೆ. ವಾದ ಅಲ್ಲಿಗೇ ಬಿಟ್ಟೆ.

ಈ ವಯಸ್ಸಿನಲ್ಲಿ ಇದೇಕೆ ಎಂದು ಕೇಳಿದವರಿಗೆಲ್ಲ ಒಂದೇ ಉತ್ತರ ಕೊಟ್ಟಿದ್ದೇನೆ. ಸರ್ಕಾರಿ ಕಚೇರಿಯಲ್ಲಿ ಸೇವೆಯುದ್ದಕ್ಕೂ ನಾನು ಮುಟ್ಟಿದ್ದೆಲ್ಲ ಕಾಗದವೇ. ಪಂಚ್ ಮಾಡಿದೆ, ಟ್ಯಾಗು ಹಾಕಿದೆ, ಷರಾ ಬರೆದೆ, ಮೇಲಿನವರಿಗೆ ಮಂಡಿಸಿದೆ, ವಾಪಸ್ ಬಂದಾಗ ಮತ್ತೆ ಮಂಡಿಸಿದೆ. ಭದ್ರಾವತಿಯಲ್ಲಿ 1936ರಲ್ಲಿ ಶುರುವಾಗಿ ಈಗ ತಣ್ಣಗೆ ಮಲಗಿರುವ ಆ ಕಾಗದ ಕಾರ್ಖಾನೆಗೆ ನಮ್ಮಂಥವರೇ ಬೆನ್ನೆಲುಬು. ಇಷ್ಟಾದರೂ ನನ್ನ ಕೈಯಿಂದ ಹೋದ ಒಂದು ಹಾಳೆಯನ್ನೂ ನೋಡಿ ಯಾರೂ "ಆಹಾ, ಎಷ್ಟು ಚೆನ್ನಾಗಿದೆ" ಎನ್ನಲಿಲ್ಲ. ಆ ಒಂದು ಮಾತು ಕೇಳಬೇಕಿತ್ತು, ಅಷ್ಟೆ.

ಕ್ಲಾಸಿನ ವಿಷಯ ಬೇಗ ಮುಗಿಸುತ್ತೇನೆ. ಏಪ್ರಿಲ್ ತಿಂಗಳ ದುರ್ಗದಲ್ಲಿ ಫ್ಯಾನ್ ಹಾಕುವಂತಿಲ್ಲ, ಕಾಗದ ಹಾರುತ್ತದೆ. ಕಿಟಕಿ ತೆಗೆಯುವಂತಿಲ್ಲ, ನಮ್ಮೂರಿನ ಗಾಳಿ ಎಂಥದ್ದೆಂದು ತಿಳಿಯಲು ಗುಡ್ಡದ ಮೇಲೆ ಸಾಲಾಗಿ ನೆಟ್ಟಿರುವ ಗಾಳಿಯಂತ್ರಗಳನ್ನು ನೋಡಿದರೆ ಸಾಕು. ಬೆವರುತ್ತಲೇ ಕೊಕ್ಕರೆ ಮಡಚಿದೆವು. ನೆಗೆಯುವ ಕಪ್ಪೆ ಮಾಡಿದೆವು. ನನ್ನದು ಕಪ್ಪೆಯಾಯಿತು, ನೆಗೆಯಲಿಲ್ಲ. ಕೊನೆಗೆ ಕ್ವಿಲ್ಲಿಂಗ್ ಬಂತು. ಮೂರು ಮಿಲಿಮೀಟರ್ ಅಗಲದ ಬಣ್ಣದ ಪಟ್ಟಿಯ ತುದಿಯನ್ನು ಸೀಳುಸೂಜಿಗೆ ಸಿಕ್ಕಿಸಿ ಸುತ್ತುವುದು, ಸ್ವಲ್ಪ ಸಡಿಲ ಬಿಡುವುದು, ತುದಿ ಚಿವುಟಿದರೆ ಎಲೆ, ಚಿವುಟದಿದ್ದರೆ ಹೂವಿನ ನಡುಭಾಗ. ಇದು ಮಾತ್ರ ನನಗೆ ಒಲಿಯಿತು. ಫೈಲನ್ನು ಸುತ್ತಾಡಿಸಿ ಅಭ್ಯಾಸವಿದ್ದ ಕೈ.

ಜಪಾನಿನ ಅಕಿರಾ ಯೋಶಿಜಾವಾ ಎಂಬುವರು ಕಾರ್ಖಾನೆಯ ಕೆಲಸ ಬಿಟ್ಟು ಕಾಗದ ಮಡಚಲು ಕೂತವರು. 2005ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಐವತ್ತು ಸಾವಿರಕ್ಕೂ ಹೆಚ್ಚು ಆಕೃತಿ ಮಾಡಿದ್ದರಂತೆ. ಇದನ್ನು ಇವಳಿಗೆ ಓದಿ ಹೇಳಿದೆ. "ಅವರ ಮನೇಲಿ ಕಸ ಗುಡಿಸ್ತಿದ್ದೋರು ಯಾರು, ಅದನ್ನೂ ಓದಿ ಹೇಳ್ರೀ" ಎಂದಳು.

ಆದರೂ ನಮ್ಮ ಮನೆಯ ಮಹಡಿ ಮೇಲಿನ ಕೋಣೆ ನನಗೆ ಸಿಕ್ಕಿತು. ಜೋಗಿಮಟ್ಟಿ ಕಡೆಗೆ ಒಂದು ಕಿಟಕಿ, ಹಳೆಯ ಮೇಜು, ಗೋಡೆಗೆ ಕಬ್ಬಿಣದ ರ‍್ಯಾಕು. ಸ್ವೀಟ್ ಬಾಕ್ಸುಗಳಿಗೆ ಚೀಟಿ ಅಂಟಿಸಿದೆ: ಪಟ್ಟಿಗಳು, ಕ್ರೇಪ್ ಕಾಗದ, ಗೋಂದು, ಕತ್ತರಿ ನೇರ, ಕತ್ತರಿ ಅಂಕುಡೊಂಕು. ಬಾಗಿಲ ಮೇಲೆ ಮೊಮ್ಮಗಳ ಕೈಯಲ್ಲಿ "ಸ್ಟುಡಿಯೊ" ಎಂದು ಬರೆಸಿದೆ. ಫೋಟೊ ತೆಗೆಸಿಕೊಳ್ಳಲು ಬಂದವನೊಬ್ಬನನ್ನು ವಾಪಸ್ ಕಳಿಸಿದ್ದೂ ಆಯಿತು.

ಕಾಗದದ ಕೆಲಸ ಮಾಡುವವರು ಊರಿನಲ್ಲಿ ಒಬ್ಬರಿದ್ದಾರೆ ಎಂದು ಗೊತ್ತಾದರೆ ಏನಾಗುತ್ತದೆ ಎಂಬುದನ್ನು ಯಾವ ಕ್ಲಾಸಿನಲ್ಲೂ ಹೇಳಿಕೊಡುವುದಿಲ್ಲ. ಜನ ಹಳೆಯ ಲಗ್ನಪತ್ರಿಕೆಗಳನ್ನು ತಂದು ಸುರಿಯುತ್ತಾರೆ. ಸುರಿಯದೆ ಏನು ಮಾಡಿಯಾರು? ಲಗ್ನಪತ್ರಿಕೆಯನ್ನು ಇಟ್ಟುಕೊಳ್ಳುವಂತಿಲ್ಲ, ಬಿಸಾಡುವಂತಿಲ್ಲ. ನಾಲ್ಕು ಮೂಲೆಗೆ ಅರಿಸಿನ ಹಚ್ಚಿದೆ, ನೆತ್ತಿಯ ಮೇಲೆ ದೇವರಿದ್ದಾನೆ. ರದ್ದಿಯವನಿಗೆ ಹಾಕಿದರೆ ಮೆಣಸಿನಕಾಯಿ ಬೋಂಡದ ಎಣ್ಣೆ ದೇವರ ಮುಖಕ್ಕೆ ಮೆತ್ತಿಕೊಳ್ಳುತ್ತದೆ. ಹಾಗಾಗಿ ಅದು ಬೀರುವಿನ ಮೇಲೆ, ಸೂಟ್‌ಕೇಸಿನೊಳಗೆ, ಹಾಸಿಗೆಯಡಿ ವರ್ಷಗಟ್ಟಲೆ ಕಾದಿರುತ್ತದೆ. ಯಾವಾಗ ನಾನು ಸಿಕ್ಕಿದೆನೋ, ಇಡೀ ಜಿಲ್ಲೆಯ ಪಾಪಭೀತಿ ಚೀಲ ಹೊತ್ತುಕೊಂಡು ನನ್ನ ಮೆಟ್ಟಿಲು ಹತ್ತಿತು. "ನಿಮಗೆ ಉಪಯೋಗಕ್ಕೆ ಬರ್ತಾವೆ ಸಾರ್" ಎಂದು ಹಾರ್ಡ್‌ವೇರ್ ಅಂಗಡಿಯವರು, "ಅಕ್ಕಾರೆ, ಒಂದು ಮೂಟೆ ಐತೆ, ಹುಡುಗನ ಕೈಲಿ ಕಳಿಸ್ತೀನಿ" ಎಂದು ಹಾಲಿನಾಕೆ. ಹೊಸದುರ್ಗದ ಭಾವಮೈದ ಬಸ್ಸಿನ ಟಾಪಿಗೆ ಹಾಕಿ ಕಳಿಸಿದ. ಹಿರಿಯೂರಿನ ವಾಣಿವಿಲಾಸ ಸಾಗರವು 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬೀಳಲು 2022ರವರೆಗೆ ತಾಳಿಕೊಂಡಿತು. ನನ್ನ ಸ್ಟುಡಿಯೊ ಮೊದಲ ಶ್ರಾವಣಕ್ಕೇ ಕೋಡಿ ಬಿತ್ತು.

ಒಳ್ಳೆಯ ದಪ್ಪ ಕಾಗದ, ಚಿನ್ನದ ಅಂಚು, ಮುತ್ತಿನ ಹೊಳಪು. ಮಡಚಿದರೆ ಬಿರಿಯುತ್ತದೆ ನಿಜ, ಆದರೆ ಕತ್ತರಿಸಲು ಅಂಥದ್ದು ಬೇರೆ ಸಿಗದು. ಹುಮ್ಮಸ್ಸಿನಿಂದ ಒಂದನ್ನು ಕೈಗೆತ್ತಿಕೊಂಡು ಕತ್ತರಿ ಬಾಯಿ ತೆಗೆದೆ. ಕತ್ತರಿಯ ಎದುರಿಗೆ ನಾಯಕನಹಟ್ಟಿ ತಿಪ್ಪೇಸ್ವಾಮಿ. ಪತ್ರಿಕೆ ತಿರುಗಿಸಿದೆ, ಎಡಮೂಲೆಯಲ್ಲಿ ಗಣಪತಿ. ಕೆಳಗಿನಿಂದ ಬರೋಣವೆಂದರೆ ಅಲ್ಲಿ "ನಮ್ಮ ಮಾಮನ ಮದುವೆಗೆ ತಪ್ಪದೇ ಬನ್ನಿ" ಎಂದು ಮೂರು ಮಕ್ಕಳು ನಗುತ್ತಿವೆ. ಆ ಪತ್ರಿಕೆ ಇಟ್ಟು ಬೇರೆಯದು ತೆಗೆದೆ, ಹಾಲುರಾಮೇಶ್ವರ. ಇನ್ನೊಂದರಲ್ಲಿ ತೇರುಮಲ್ಲೇಶ್ವರ. ಮತ್ತೊಂದರಲ್ಲಿ ಹೊಳಲ್ಕೆರೆಯ ಬಯಲು ಗಣಪತಿ. ಸೂರನ್ನೇ ಒಲ್ಲದೆ ಬಯಲಲ್ಲಿ ಕೂತವನನ್ನು ಈ ಕೋಣೆಯಲ್ಲಿ ಎಲ್ಲಿಡಲಿ? ದೇವರಿಲ್ಲದ್ದು ಒಂದಾದರೂ ಇರಬೇಕಲ್ಲ ಎಂದು ಕೆದಕಿ ಕೆದಕಿ ಕೊನೆಗೆ ಮಂತ್ರಮಾಂಗಲ್ಯದ ಸರಳ ಕಾರ್ಡೊಂದನ್ನು ಹಿಡಿದೆ. ಅದರ ಮೇಲೆ ಕುವೆಂಪು. ದೇವರಾದರೆ ತಪ್ಪಾಯಿತು ಎಂದರೆ ಕ್ಷಮಿಸಿಯಾನು. ಕುವೆಂಪು ಮುಂದೆ ಕತ್ತರಿ ಹಿಡಿದು ನಿಲ್ಲುವ ಧೈರ್ಯ ಕನ್ನಡ ಬಲ್ಲ ಯಾರಿಗಿದೆ? ಕತ್ತರಿಯ ಬಾಯಿ ತೆರೆದೇ ಇತ್ತು, ನನ್ನದೂ.

ಆಮೇಲೆ ಹೊಳೆಯಿತು: ದೇವರ ಸುತ್ತ ಕತ್ತರಿಸಬೇಕು. ಕಿರೀಟ, ಪ್ರಭಾವಳಿ, ವಾಹನ ಯಾವುದಕ್ಕೂ ಏಟು ಬೀಳದ ಹಾಗೆ ದೇವರನ್ನು ಬಿಡಿಸಿ ಪಕ್ಕಕ್ಕಿಟ್ಟು, ಉಳಿದ ಕಾಗದ ನನ್ನದು. ಹೀಗೆ ಬಿಡಿಸಿಟ್ಟ ದೇವರುಗಳು ಮೇಜಿನ ಮೇಲೆ ರಾಶಿಯಾದರು. ಗಾಳಿ ಬಂದಾಗ ಎಲ್ಲರೂ ಒಟ್ಟಿಗೆ ಏಳುತ್ತಿದ್ದರು. ಅರಳಿಕಟ್ಟೆಗೆ ಇಟ್ಟು ಬರೋಣವೆಂದರೆ ಅಲ್ಲಿ ಆಗಲೇ ಒಡೆದ ಗಾಜಿನ ಫೋಟೊಗಳು ಜಾಗ ಹಿಡಿದಿದ್ದವು. ಆಗ ನನ್ನೊಳಗಿನ ಹಳೆಯ ಗುಮಾಸ್ತ ಎಚ್ಚರವಾದ. ರಿಜಿಸ್ಟರು ತೆರೆದೆ. ಕ್ರಮಸಂಖ್ಯೆ, ಬಂದ ತಾರೀಖು, ದೇವರ ಹೆಸರು, ತಾಲ್ಲೂಕು, ಷರಾ. ಕಚೇರಿಯಲ್ಲಿ ಕಡತಗಳಿಗೆ ವರ್ಗವಿರುತ್ತದೆ. ಕೆಲವನ್ನು ಇಷ್ಟು ವರ್ಷಕ್ಕೆ ನಾಶಪಡಿಸಬಹುದು, 'ಎ' ವರ್ಗವೆಂದರೆ ಶಾಶ್ವತ. ಎಲ್ಲ ದೇವರಿಗೂ 'ಎ' ಕೊಟ್ಟೆ. ಗಣಪತಿ ವಿಪರೀತವಾದ್ದರಿಂದ ಎಡಮುರಿ, ಬಲಮುರಿ ಎಂದು ಎರಡು ಡಬ್ಬ. ದುರ್ಗದ ಅಮ್ಮಂದಿರಿಗೆಲ್ಲ ಸೇರಿಸಿ ಮೈಸೂರುಪಾಕಿನ ದೊಡ್ಡ ಡಬ್ಬ.

ಇವಳು ಕಾಫಿ ತಂದವಳು ಡಬ್ಬದೊಳಗೆ ಇಣುಕಿ ಲೋಟ ಕೆಳಗಿಟ್ಟಳು. "ರೀ, ಬರಗೇರಮ್ಮನ್ನೂ ತಿಪ್ಪಿನಘಟ್ಟಮ್ಮನ್ನೂ ಒಂದೇ ಡಬ್ಬದಲ್ಲಿ ಇಟ್ಟಿದ್ದೀರಲ್ರೀ! ಅಕ್ಕತಂಗೀರು ವರ್ಷಕ್ಕೊಂದ್ಸಲ ಭೇಟಿ ಆಗೋರು. ಊರಿಗೂರೇ ರಾತ್ರಿ ನಿದ್ದೆಗೆಟ್ಟು ನೋಡುತ್ತೆ. ನೀವು ದಿನಾ ಭೇಟಿ ಮಾಡಿಸ್ತಾ ಕೂತಿದ್ದೀರಾ?" ಬೇರೆ ಡಬ್ಬ ತರಲು ಮೈಸೂರುಪಾಕು ತರಬೇಕಾಯಿತು. ಸಕ್ಕರೆ ಕಾಯಿಲೆಯ ಮನೆ ನಮ್ಮದು.

ದೇವರಿಲ್ಲದ ಚೂರುಪಾರನ್ನೆಲ್ಲ ಇವಳೇ ಒಯ್ದು ಬಕೆಟ್ಟಿನಲ್ಲಿ ನೆನೆಹಾಕಿ, ಮೆಂತ್ಯದ ಜೊತೆ ರುಬ್ಬಿ, ಸವೆದ ಮೊರಕ್ಕೂ ಬುಟ್ಟಿಗೂ ಮೆತ್ತಿ ಒಣಗಿಸಿದಳು. ಅವಳ ತವರಿನಲ್ಲಿ ಅಜ್ಜಿಯರೆಲ್ಲ ಮಾಡುತ್ತಿದ್ದುದು. ಬಂದವರು ಅದನ್ನೇ ನೋಡಿ "ಆಹಾ, ಎಷ್ಟು ಚೆನ್ನಾಗಿದೆ" ಎಂದರು. ಹೆಚ್ಚು ಬೆಳೆಸುವುದಿಲ್ಲ. ಫೀಸು ಕಟ್ಟಿದವನು ನಾನು.

ಒಂದು ಸಂಜೆ ನಮ್ಮ ಹಿಂದಿನ ಬೀದಿಯ ಹೆಂಗಸೊಬ್ಬರು ಬಂದರು. ಕೈಯಲ್ಲಿ ರಬ್ಬರ್ ಬ್ಯಾಂಡ್ ಹಾಕಿದ ಕಟ್ಟು, ಕವರಿನ ಮೇಲೆ ಯಾರ ಹೆಸರನ್ನೂ ಬರೆದಿಲ್ಲ. 2021ರ ಮೇ ತಿಂಗಳ ಮದುವೆಯ ಪತ್ರಿಕೆ. ಹಂಚುವ ಮೊದಲೇ ಎಲ್ಲ ನಿಂತುಹೋಯಿತು. ಕರೆಯುವವರ ಸಾಲಿನಲ್ಲಿ ಮೊದಲ ಹೆಸರಿದ್ದ ಅವರ ಯಜಮಾನರು ಆ ತಿಂಗಳೇ ಹೋದರು. ಮಗನ ಮದುವೆ ಮುಂದೆ ಯಾವಾಗಲೋ ಮನೆಯಂಗಳದಲ್ಲಿ ಆಯಿತಂತೆ. "ಎಲ್ಲಾದ್ರೂ ಬಳಸ್ಕಳ್ಳಿ ಅಣ್ಣ, ಮನೇಲಿದ್ರೆ ತೆಗೆದು ತೆಗೆದು ನೋಡ್ತೀನಿ" ಎಂದರು. ನಾನು ರಬ್ಬರ್ ಬ್ಯಾಂಡ್ ತೆಗೆಯಲಿಲ್ಲ. ರಿಜಿಸ್ಟರಿಗೂ ಹತ್ತಿಸಲಿಲ್ಲ. ರ‍್ಯಾಕಿನ ಮೇಲಿನ ಅಂಕಣದಲ್ಲಿ ಇಟ್ಟಿದ್ದೇನೆ. ಅವರು ಆಗೊಮ್ಮೆ ಈಗೊಮ್ಮೆ ಬಂದು ಅದು ಇದೆಯೇ ಎಂದು ನೋಡಿ, ಕಾಫಿ ಕುಡಿದು ಹೋಗುತ್ತಾರೆ.

ಇಲಿಯ ಬಾಲದ ಸಂಗತಿ ಇನ್ನೂ ಹೇಳಿಲ್ಲ. ಒಂದು ಸೊಗಸಾದ ಬಲಮುರಿ ಗಣಪತಿ. ಪಾದದ ಬಳಿ ಇಲಿ. ಇಲಿಯ ಬಾಲ ಬಳುಕುತ್ತ ಹೋಗಿ ಬಳ್ಳಿಯ ಅಂಚಿನೊಳಗೆ ಬೆರೆತಿತ್ತು. ಎಲ್ಲಿ ಬಾಲ ಮುಗಿದು ಎಲ್ಲಿ ಬಳ್ಳಿ ಶುರುವಾಗುತ್ತದೆಂದು ಭೂತಗನ್ನಡಿ ಹಿಡಿದು ನೋಡುತ್ತಿದ್ದಾಗ ಮೊಬೈಲು ಹೊಡೆದುಕೊಂಡಿತು. ಸಾಲ ಬೇಕೇ ಎಂದು ಕೇಳುವ ಹುಡುಗಿ. ಬೇಡಮ್ಮಾ ಎನ್ನುವಷ್ಟರಲ್ಲಿ ಬಾಲ ನೆಲದ ಮೇಲಿತ್ತು. 'ಎ' ವರ್ಗದ ದಾಖಲೆಯ ಭಾಗವಾದ್ದರಿಂದ ಬೆಂಕಿಪೊಟ್ಟಣದಲ್ಲಿಟ್ಟು, ರಿಜಿಸ್ಟರಿನ ಷರಾ ಅಂಕಣದಲ್ಲಿ "ಬಾಲ ಪ್ರತ್ಯೇಕ" ಎಂದು ಬರೆದೆ.

ಅಷ್ಟರಲ್ಲಿ ಇನ್ನೊಂದು ಸುದ್ದಿ ಹರಡಿತ್ತು. ಯಾವ ಮನೆದೇವರ ಚಿತ್ರ ಬೇಕಾದರೂ ಮೇಷ್ಟ್ರ ಹತ್ತಿರ ಸಿಗುತ್ತದಂತೆ. (ನಾನು ಮೇಷ್ಟ್ರಲ್ಲ. ಕಾಗದ ಇಟ್ಟುಕೊಂಡವರೆಲ್ಲ ನಮ್ಮಲ್ಲಿ ಮೇಷ್ಟ್ರೇ.) ಮಗಳ ಮದುವೆ ಗೊತ್ತುಮಾಡಿದ ಹಾರ್ಡ್‌ವೇರ್ ಅಂಗಡಿಯವರು ಬಂದು, ಮೊಬೈಲಿನಲ್ಲಿ ಸಿಗುವ ದೇವರಿಗೆಲ್ಲ ಸಿನಿಮಾ ನಟರ ಕಳೆ, ಹಳೇ ಕಾಲದ ಗಣಪತಿ ಕೊಡಿ ಎಂದರು. ನಾನು ಊಟಕ್ಕೆ ಹೋಗಿದ್ದೆ. ಇವಳು ಬಲಮುರಿ ಡಬ್ಬದಲ್ಲಿ ಮೇಲೆಯೇ ಇದ್ದದ್ದನ್ನು ಕೊಟ್ಟು ಕಳಿಸಿದ್ದಾಳೆ.

ಹದಿನೈದು ದಿನಕ್ಕೆ ಅವರು ಬಂದರು, ಗಂಡಹೆಂಡಿರು ಇಬ್ಬರೂ, ತಟ್ಟೆಯಲ್ಲಿ ಎಲೆಅಡಿಕೆ, ಬಾಳೆಹಣ್ಣು. "ಮನೆದೇವರಿಗೆ ಇಟ್ಟ ಮೇಲೆ ಮೊದಲ್ನೇ ಪತ್ರಿಕೆ ನಿಮಗೇ ಸಾರ್. ಸಾವಿರ ಹೊಡೆಸೀವಿ." ತೆಗೆದು ನೋಡಿದೆ. ಕೆನೆಬಣ್ಣದ ಕಾಗದ, ಚಿನ್ನದ ಅಕ್ಷರ, ಪ್ರಸನ್ನವದನ ಗಣಪತಿ, ಪಾದದ ಬಳಿ ಮೊಂಡು ಇಲಿ. ನನ್ನ ಮುಖ ನೋಡಿ ಅವರೂ ಬಗ್ಗಿದರು. ಮೊದಲು ಕಂಡದ್ದು ಆಯಮ್ಮನಿಗೆ. "ಅಯ್ಯೋ ಶಿವನೇ, ಬಾಲ ಎಲ್ರೀ?"

ಬೆಂಕಿಪೊಟ್ಟಣ ತಂದು ಮುಂದಿಟ್ಟೆ. ಸಾವಿರ ಪತ್ರಿಕೆ, ಒಂದು ಬಾಲ. ಯಾರೂ ಮಾತಾಡಲಿಲ್ಲ. ಇವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅಡುಗೆಮನೆಗೆ ಓಡಿದಳು. ನಾನು ಬೂದುಬಣ್ಣದ ಪಟ್ಟಿ ತೆಗೆದು, ಸೂಜಿಗೆ ಸುತ್ತಿ, ಸಡಿಲ ಬಿಟ್ಟು, ತುದಿ ಎಳೆದು ಬಳುಕಿಸಿ, ಗೋಂದು ಮುಟ್ಟಿಸಿ ಇಲಿಯ ಹಿಂದೆ ನಿಲ್ಲಿಸಿದೆ. ಕಾಗದದಿಂದ ಎದ್ದು ನಿಂತ, ಮುಟ್ಟಿದರೆ ಅಲ್ಲಾಡುವ ಬಾಲ. ಆಯಮ್ಮ ಬೆರಳಿನಿಂದ ಅದನ್ನು ಮೆಲ್ಲಗೆ ಒತ್ತಿ ಬಿಟ್ಟರು. ಮತ್ತೊಮ್ಮೆ ಒತ್ತಿದರು.

"ಏನ್ರೀ, ಇದೇ ಚೆನ್ನಾಗೈತಲ್ಲ! ಬೀಗರ ಪತ್ರಿಕೇಲಿ ಬರೀ ವೆಲ್ವೆಟ್ಟು. ನಮ್ಮದ್ರಾಗೆ ಇಲಿ ಬಾಲ ಆಡ್ಸುತ್ತೆ."

ಅಂಗಡಿಯವರು ಕನ್ನಡಕ ಸರಿಮಾಡಿಕೊಂಡು, ಮೊಳೆ ತೂಗುವ ದನಿಯಲ್ಲಿ ಕೇಳಿದರು: "ಸಾವಿರಕ್ಕೂ ಅಂಟಿಸ್ಬೇಕಂದ್ರೆ, ಬಾಲಕ್ಕೆ ಎಷ್ಟು ಬೀಳುತ್ತೆ ಸಾರ್?"