ಎದುರಾಳಿ ಬೇಕಾಗಿದ್ದಾರೆ

ಬೆಳಿಗ್ಗೆ ಆರು ಗಂಟೆಗೆ ಲಾಲ್‌ಬಾಗಿನಲ್ಲಿ ಬಿರಬಿರನೆ ನಡೆಯುತ್ತಿರುವ ಯಾರನ್ನಾದರೂ ತಡೆದು, ‘ಯಾಕ್ ಸಾರ್ ನಡೀತೀರಿ?’ ಎಂದು ಕೇಳಿ ನೋಡಿ. ‘ಡಾಕ್ಟ್ರು ಹೇಳಿದಾರೆ’ ಎಂಬ ಉತ್ತರ ನಾಲಿಗೆಯ ತುದಿಯಲ್ಲೇ ಇರುತ್ತದೆ. ನಂಬಬೇಡಿ. ಅನ್ನ ಕಡಿಮೆ ಮಾಡಿ ಅಂತಲೂ ಡಾಕ್ಟರು ಹೇಳಿದ್ದರು, ಉಪ್ಪಿನಕಾಯಿ ಬಿಡಿ ಅಂತಲೂ ಹೇಳಿದ್ದರು, ರಾತ್ರಿ ಹನ್ನೊಂದರ ತನಕ ಟೀವಿ ಚರ್ಚೆ ನೋಡಿ ಬಿ.ಪಿ. ಏರಿಸಿಕೊಳ್ಳಬೇಡಿ ಅಂತಲೂ ಹೇಳಿದ್ದರು. ಅದ್ಯಾವುದಕ್ಕೂ ಕಿವಿಗೊಡದ ಮನುಷ್ಯ ಇದೊಂದಕ್ಕೆ ಮಾತ್ರ ತಲೆಬಾಗಿದನೆಂದರೆ ಒಳಗೆ ಬೇರೇನೋ ಇದೆ. ಡಾಕ್ಟರ ಹೆದರಿಕೆಗೆ ಆಯಸ್ಸು ಕಡಿಮೆ ಸ್ವಾಮಿ. ಲ್ಯಾಬಿನ ರಿಪೋರ್ಟು ಫ್ರಿಜ್ಜಿನ ಮೇಲೆ ಕಣ್ಣಿಗೆ ಬೀಳುವಷ್ಟು ದಿನ ಅದು ಬದುಕಿರುತ್ತದೆ. ಅದರ ಮೇಲೆ ಒಂದು ಕರೆಂಟ್ ಬಿಲ್ಲೋ ಮದುವೆ ಕರೆಯೋಲೆಯೋ ಬಂದು ಕೂತಿತೋ, ಅಲ್ಲಿಗೆ ಕಾಫಿಗೆ ಮತ್ತೆ ಸಕ್ಕರೆ ಬಿತ್ತು.

ನಿಜವಾದ ಕಾರಣ ಅವನಿಗಿಂತ ಹತ್ತು ಹೆಜ್ಜೆ ಮುಂದೆ ಹೋಗುತ್ತಿರುತ್ತದೆ. ಚೌಕುಳಿ ಅಂಗಿ, ಮಂಕಿ ಟೋಪಿ, ಮೊಣಕಾಲಿನವರೆಗಿನ ಚಡ್ಡಿ, ವಯಸ್ಸು ಅರವತ್ತರ ಮೇಲೆ. ‘ಆ ಮುದುಕ ನನ್ನನ್ನ ದಾಟಿ ಹೋದನಲ್ಲ!’ ಎಂಬ ಒಂದೇ ಒಂದು ಉರಿ ಹಾಸಿಗೆಯಿಂದ ಎಬ್ಬಿಸುವಷ್ಟು ಸಾವಿರ ರೂಪಾಯಿಯ ರಕ್ತಪರೀಕ್ಷೆ ಎಬ್ಬಿಸಲಾರದು.

ಈ ಪಂದ್ಯಕ್ಕೆ ಅಂಪೈರ್ ಇಲ್ಲ, ಆದರೆ ನಿಯಮಗಳು ಬಲು ಕಟ್ಟುನಿಟ್ಟು. ಪಂದ್ಯ ನಡೆಯುತ್ತಿದೆ ಎಂದು ಇಬ್ಬರೂ ಒಪ್ಪಿಕೊಳ್ಳುವಂತಿಲ್ಲ, ಅದು ಮೊದಲನೆಯದು. ದಾಟುವವನು ದಾಟುವ ಗಳಿಗೆಯಲ್ಲಿ ಎದುರಾಳಿಯ ಕಡೆ ನೋಡಕೂಡದು. ಗಾಜಿನ ಮನೆಯ ಕಡೆಗೋ ಆಕಾಶದ ಕಡೆಗೋ ಮುಖ ಮಾಡಿ, ಏದುಸಿರನ್ನು ಮೂಗಿನೊಳಗೇ ಅದುಮಿಟ್ಟು, ಏನೂ ಆಗದವನಂತೆ ಸಾಗಬೇಕು. ಉಸಿರು ಬಿಡುವುದಿದ್ದರೆ ತಿರುವು ದಾಟಿದ ಮೇಲೆ. ಹಿಂದೆ ಬಿದ್ದವನಿಗೂ ಮರ್ಯಾದೆಯ ದಾರಿಗಳಿವೆ. ಬಗ್ಗಿ ಶೂ ಲೇಸು ಬಿಚ್ಚಿ ಮತ್ತೆ ಕಟ್ಟಿಕೊಳ್ಳಬಹುದು. ಬಾರದ ಫೋನನ್ನು ಕಿವಿಗಿಟ್ಟು ‘ಹಲೋ’ ಅನ್ನಬಹುದು. ಇವೆರಡೂ ಹಳತಾದವರು ಪಕ್ಕದ ಮರದ ಮುಂದೆ ನಿಂತು ಅದಕ್ಕೆ ಹೊಡೆದ ಲ್ಯಾಟಿನ್ ಹೆಸರಿನ ಬೋರ್ಡನ್ನು ಗಾಢವಾಗಿ ಓದುತ್ತಾರೆ. ಲಾಲ್‌ಬಾಗಿನ ಆ ಬೋರ್ಡುಗಳಿಂದ ಸಸ್ಯಶಾಸ್ತ್ರ ಎಷ್ಟು ಬೆಳೆಯಿತೋ ಕಾಣೆ, ಬಹಳ ಜನರ ಮಾನವಂತೂ ಉಳಿದಿದೆ.

ಇದು ಬರೀ ನಮ್ಮೂರಿನವರ ಚಪಲವಲ್ಲ. ಅಮೆರಿಕದಲ್ಲಿ ನಾರ್ಮನ್ ಟ್ರಿಪ್ಲೆಟ್ ಎಂಬ ಮನಶ್ಶಾಸ್ತ್ರಜ್ಞ 1898ರಷ್ಟು ಹಿಂದೆಯೇ ಸೈಕಲ್ ಪಂದ್ಯಗಳ ದಾಖಲೆ ಕೆದಕಿ ನೋಡಿದ. ಗಡಿಯಾರವನ್ನು ಮಾತ್ರ ನೆಚ್ಚಿಕೊಂಡು ಒಬ್ಬನೇ ತುಳಿಯುವವನಿಗಿಂತ, ಪಕ್ಕದಲ್ಲಿ ಇನ್ನೊಬ್ಬ ಇದ್ದಾಗ ತುಳಿಯುವವನು ಜೋರು. ಆಮೇಲೆ ಮಕ್ಕಳ ಕೈಗೆ ಮೀನು ಹಿಡಿಯುವ ಗಾಳದ ರಾಟೆ ಕೊಟ್ಟು ಸುತ್ತಿಸಿದ. ಜೊತೆಯಲ್ಲಿ ಇನ್ನೊಂದು ಮಗು ಸುತ್ತುತ್ತಿದ್ದರೆ ಬಹಳ ಮಕ್ಕಳ ಕೈ ಚುರುಕಾಗುತ್ತಿತ್ತು. ಕೆಲವು ಮಾತ್ರ ಗಾಬರಿಬಿದ್ದು ಇದ್ದ ವೇಗವನ್ನೂ ಕಳೆದುಕೊಳ್ಳುತ್ತಿದ್ದವು. ಇದನ್ನು ನಾನು ಮನೆಯಲ್ಲಿ ದೊಡ್ಡ ಸಂಶೋಧನೆಯೆಂಬಂತೆ ಓದಿ ಹೇಳಿದೆ. ಮನೆಯವಳು ಈಳಿಗೆಮಣೆಯಿಂದ ತಲೆಯೆತ್ತದೆ, ‘ಹಂಗಾದ್ರೆ ಪಕ್ಕದ್ಮನೆಯೋರನ್ನೂ ಕರೀರಿ. ಇಬ್ರೂ ಎದುರುಬದುರು ಕೂತು ತೆಂಗಿನ್ಕಾಯಿ ತುರೀರಿ. ಯಾರ್ದು ಮೊದಲು ಮುಗಿಯತ್ತೋ ನಾನೂ ನೋಡ್ತೀನಿ’ ಅಂದಳು. ವಿಜ್ಞಾನವನ್ನು ಮನೆಯೊಳಗೆ ತರಬಾರದು.

ಈಗ ಜಿಮ್ಮಿನ ಮಾತು. ಅಲ್ಲಿ ಎದುರಾಳಿ ಇಲ್ಲ, ಕನ್ನಡಿ ಇದೆ. ಅದರಲ್ಲಿ ಕಾಣುವವನನ್ನು ಸೋಲಿಸಬೇಕೆಂಬ ಹಟ ಯಾರಿಗೆ ಹುಟ್ಟೀತು? ಪಾಪ, ಅವನ ಮೇಲೆ ನಮಗೆ ಮೊದಲಿನಿಂದಲೂ ಮಮತೆ. ಹಾಗಾಗಿ ವರ್ಷದ ದುಡ್ಡನ್ನು ಒಟ್ಟಿಗೆ ಕಟ್ಟಿ, ಕಟ್ಟಿದ ದಿನವೇ ಎರಡು ಕೆಜಿ ಇಳಿದವರಂತೆ ಹಗುರಾಗಿ ಮನೆಗೆ ಬರುತ್ತೇವೆ. ಅಮೆರಿಕದ ಜಿಮ್ಮುಗಳ ಹಾಜರಿ ಲೆಕ್ಕ ಹಿಡಿದು ಸ್ಟೆಫಾನೊ ಡೆಲ್ಲಾವಿನ್ಯಾ, ಉಲ್ರಿಕೆ ಮಾಲ್ಮೆಂಡಿಯರ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು 2006ರಲ್ಲಿ ಒಂದು ಪ್ರಬಂಧ ಬರೆದರು. ತಿಂಗಳ ಶುಲ್ಕ ಕಟ್ಟಿದವರಿಗೆ ಒಂದೊಂದು ಸಲ ಹೋಗಿಬಂದದ್ದಕ್ಕೆ 17 ಡಾಲರಿಗೂ ಹೆಚ್ಚು ಬಿದ್ದಿತ್ತು. ಅದೇ ಜಿಮ್ಮಿನಲ್ಲಿ ಹೋದಾಗ ಮಾತ್ರ ಕೊಡುವ ಪಾಸು ಸಲಕ್ಕೆ 10 ಡಾಲರಿಗೆ ಸಿಗುತ್ತಿತ್ತು. ಅಂದರೆ ಜನ ಹೋಗದೇ ಇರುವುದಕ್ಕೂ ದುಡ್ಡು ತೆರುತ್ತಿದ್ದರು. ಅಮೆರಿಕದವರೇ ಹೀಗೆಂದ ಮೇಲೆ ನಮ್ಮದೇನು. ಟ್ರೆಡ್‌ಮಿಲ್ಲಿನ ಮೇಲೆ ಬಟ್ಟೆ ಒಣಹಾಕುವ ಜೋಕು ಹಳಸಿಹೋಯಿತು, ಬಿಡಿ. ನಮ್ಮ ಬೀದಿಯಲ್ಲೊಬ್ಬರು ನವರಾತ್ರಿಗೆ ಅದರ ಮೇಲೇ ಹಲಗೆ ಜೋಡಿಸಿ ಜರಿ ಸೀರೆ ಹೊದಿಸಿ ಗೊಂಬೆ ಕೂರಿಸಿದರು. ಪಟ್ಟದ ಗೊಂಬೆಗಳು ಮೇಲೆ, ಶೆಟ್ಟಿ ಶೆಟ್ಟಮ್ಮ ಕೆಳಗೆ. ಅಕ್ಕಿ, ಬೇಳೆ, ಬೆಲ್ಲ ಮುಂದಿಟ್ಟುಕೊಂಡು ದುಂಡಗೆ ಕೂತ ಆ ಶೆಟ್ಟಿಯ ಹೊಟ್ಟೆಗೆ ಅದಕ್ಕಿಂತ ತಕ್ಕ ಜಾಗ ಸಿಗಲಾರದು.

ಗರಡಿಮನೆಯಲ್ಲಿ ಈ ರೋಗ ಇರಲಿಲ್ಲ. ಮೈಸೂರಿನ ಯಾವುದಾದರೂ ಹಳೆಯ ಗರಡಿಯಲ್ಲಿ ನಿಂತು, ‘ಉಸ್ತಾದರೇ, ಇವತ್ಯಾಕೋ ಸಾಮು ಮಾಡೋಕೆ ಮನಸ್ಸಿಲ್ಲ’ ಅಂದು ನೋಡಿ. ‘ನಿನ್ ಮನಸ್ಸನ್ನ ಯಾರ್ಲಾ ಕರೆದೋರು? ಮೈ ತಗಂಬಾ ಸಾಕು’ ಅಂದಾರು. ಬಸ್ಕಿ ಹೊಡಿ, ದಂಡ ಹೊಡಿ, ಗದೆ ತಿರುಗಿಸು, ಮಟ್ಟಿಯ ಕೆಮ್ಮಣ್ಣು ಅಗೆದು ಹದಮಾಡು. ಸ್ಫೂರ್ತಿ ಬರಲಿ ಎಂದು ಗೋಡೆಯ ಮೇಲೆ ಇಂಗ್ಲಿಷ್ ಘೋಷಣೆ ಬರೆಯುವ ಪದ್ಧತಿ ಅಲ್ಲಿಲ್ಲ. ಒಬ್ಬ ಹನುಮಂತ ಇದ್ದರೆ ಆಯಿತು.

ಅಲ್ಲಿನ ಗುಟ್ಟು ಹನುಮಂತನದಲ್ಲ, ಜೋಡಿಯದು. ದಸರಾ ಕುಸ್ತಿಗೆ ಮುಂಚೆ ಪೈಲ್ವಾನರನ್ನೆಲ್ಲ ಒಂದು ದಿನ ಸೇರಿಸಿ ಜೋಡಿ ಕಟ್ಟುತ್ತಾರೆ. ಇವನಿಗೆ ಅವನು, ಅವನಿಗೆ ಇವನು. ತೂಕ ನೋಡಿ, ವಯಸ್ಸು ನೋಡಿ, ಹಿಂದೆ ಎಲ್ಲೆಲ್ಲಿ ಹಿಡಿದಿದ್ದಾನೆ ವಿಚಾರಿಸಿ, ಸರಿಸಮ ಅನ್ನಿಸಿದರೆ ಇಬ್ಬರ ಕೈಯನ್ನೂ ಕೂಡಿಸುತ್ತಾರೆ. ಅಲ್ಲಿಂದ ಮುಂದೆ ಆ ಹುಡುಗನಿಗೆ ಬೇರೆ ಅಲಾರಂ ಬೇಕಿಲ್ಲ. ಇಂಥ ದಿನ, ದೊಡ್ಡಕೆರೆ ಮೈದಾನದ ಅಖಾಡ, ಎದುರಿಗೆ ಇಂಥ ಊರಿನ ಇಂಥವನು. ಆ ಇನ್ನೊಬ್ಬ ಈಗ ಎಷ್ಟನೇ ಬಸ್ಕಿಯಲ್ಲಿದ್ದಾನೋ ಎಂಬ ಯೋಚನೆ ಬಂದರೆ ನಿದ್ದೆ ಎಲ್ಲಿಯದು? ನಮ್ಮ ವಾಕಿಂಗಿನವರಿಗೆ ತಪ್ಪಿರುವುದು ಇದೇ. ಗುರಿ ಇಟ್ಟುಕೊಳ್ಳಿ, ಗುರಿ ಇಟ್ಟುಕೊಳ್ಳಿ ಅಂತ ಎಲ್ಲರೂ ಹೇಳುತ್ತಾರೆ. ಜೋಡಿ ಕಟ್ಟಿಕೊಡುವವರು ಯಾರೂ ಇಲ್ಲ.

ಅದರಲ್ಲೂ ಸರಿಸಮ ಅನ್ನುವುದು ಮುಖ್ಯ. ಜೋಡಿ ತಪ್ಪಿದರೆ ಏನಾಗುತ್ತದೆ ಎನ್ನುವುದಕ್ಕೆ 2020ರ ಐಕಳದ ಕಂಬಳವೇ ಸಾಕು. ಶ್ರೀನಿವಾಸ ಗೌಡರು 142.5 ಮೀಟರಿನ ಕೆಸರಿನ ಹಾದಿಯನ್ನು ಕೋಣಗಳ ಹಿಂದೆ 13.62 ಸೆಕೆಂಡಿನಲ್ಲಿ ಮುಗಿಸಿದರು. ಯಾರೋ ಪುಣ್ಯಾತ್ಮ ಕ್ಯಾಲ್ಕುಲೇಟರ್ ಒತ್ತಿ, ನೂರು ಮೀಟರಿಗೆ 9.55 ಆಯಿತು, ಉಸೇನ್ ಬೋಲ್ಟನ 9.58 ಮುರಿಯಿತು ಎಂದು ಸಾರಿದ. ದೇಶವೇ ಕುಣಿಯಿತು, ಟ್ರಯಲ್ಸಿಗೆ ಬನ್ನಿ ಎಂದು ಸರ್ಕಾರದಿಂದ ಕರೆ ಬಂತು. ಆ ಗಲಾಟೆಯಲ್ಲಿ ಬುದ್ಧಿ ನೆಟ್ಟಗಿದ್ದದ್ದು ಒಬ್ಬರಿಗೇ, ಗೌಡರಿಗೆ. ಕೆಸರುಗದ್ದೆಯ ಓಟ ಬೇರೆ, ಟ್ರ್ಯಾಕಿನ ಓಟ ಬೇರೆ ಎಂದು ನಯವಾಗಿ ಹೇಳಿ ಟ್ರಯಲ್ಸು ಬೇಡವೆಂದರು, ಹೊಗಳಿಕೆಯಲ್ಲಿ ಕೋಣಗಳಿಗೂ ಪಾಲು ಕೊಟ್ಟರು. ಕೋಣಗಳನ್ನು ಮಾತ್ರ ಯಾರೂ ಟ್ರಯಲ್ಸಿಗೆ ಕರೆಯಲಿಲ್ಲ.

ನಮ್ಮ ಬೆಂಗಳೂರಿನ 10ಕೆ ಓಟದಲ್ಲೂ ಇದೇ ತಮಾಷೆ. 2008ರಿಂದ ನಡೆದುಬಂದಿರುವ ಈ ಓಟಕ್ಕೆ ಕೀನ್ಯಾ, ಇಥಿಯೋಪಿಯಾದವರು ಬಂದು 27–28 ನಿಮಿಷದಲ್ಲಿ ಹತ್ತು ಕಿಲೋಮೀಟರ್ ಮುಗಿಸುತ್ತಾರೆ. ಅಷ್ಟು ಹೊತ್ತಿಗೆ ನಮ್ಮವರು ಮನೆಯಲ್ಲಿ ‘ನನ್ನ ಸಾಕ್ಸ್ ಎಲ್ಲಿ’ ಎಂದು ಕೇಳುತ್ತಿರುತ್ತಾರೆ. ಜನ ಅವರನ್ನು ನೋಡಿ ಓಡುವುದಿಲ್ಲ. ಹಿಂದಿನ ಸಲ ಆಫೀಸಿನ ಅಕೌಂಟ್ಸ್ ವಿಭಾಗದವನು ತನಗಿಂತ ಮೊದಲು ಮುಟ್ಟಿದ್ದನಲ್ಲ, ಆ ನೋವು ಓಡಿಸುತ್ತದೆ. ಮಜ್ಜಾ ರನ್ ಎಂಬ ಚಿಕ್ಕ ಓಟದಲ್ಲಿ ವೇಷ ಹಾಕಿಕೊಂಡು ಹೋಗುವವರೂ ಇದ್ದಾರೆ. ಸೋತರೆ ಗುರುತು ಸಿಗಬಾರದು ಎಂಬ ಮುಂದಾಲೋಚನೆ ಇದ್ದೀತು.

ಆದರೂ ನಿಜವಾದ ಆಟಗಾರರನ್ನು ನೋಡಿದರೆ ನಮಗಿಲ್ಲದ ಒಂದು ಗುಣ ಅವರಲ್ಲಿ ಕಾಣುತ್ತದೆ. ಸೋತ ಮಾರನೆಯ ದಿನ ಅವರು ಮತ್ತೆ ಬರುತ್ತಾರೆ. ಪ್ರಕಾಶ್ ಪಡುಕೋಣೆಯವರು 1962ರಲ್ಲಿ ರಾಜ್ಯ ಜೂನಿಯರ್ ಬ್ಯಾಡ್ಮಿಂಟನ್ ಟೂರ್ನಿಗೆ ಇಳಿದು ಮೊದಲ ಸುತ್ತಿನಲ್ಲೇ ಹೊರಬಿದ್ದರು. ಎರಡು ವರ್ಷದಲ್ಲಿ ಅದೇ ಪ್ರಶಸ್ತಿ ಅವರದಾಯಿತು. ಅಭ್ಯಾಸಕ್ಕೆ ಇದ್ದದ್ದು ಮಲ್ಲೇಶ್ವರದ ಕೆನರಾ ಯೂನಿಯನ್ನಿನ ಸಭಾಂಗಣ. ಅದೋ ಮದುವೆಗೆ ಬಾಡಿಗೆ ಹೋಗುವ ಜಾಗ. ಮುಹೂರ್ತ ಇದ್ದ ದಿನ ಶಟಲ್ ಇಲ್ಲ, ಓಲಗ ಮಾತ್ರ. ಊರಿನ ಹುಡುಗರೆಲ್ಲ ಮದುವೆ ಊಟಕ್ಕೆ ಕಾಯುತ್ತಿದ್ದರೆ ಈ ಒಬ್ಬ ಹುಡುಗ ಮದುವೆ ಯಾವಾಗ ಮುಗಿಯುತ್ತದಪ್ಪಾ ಎಂದು ಕಾದಿರಬೇಕು. ಇದು ನನ್ನ ಊಹೆ, ಆದರೆ ಕನ್ನಡನಾಡಿನಲ್ಲಿ ಆಷಾಢ ಬಂತೆಂದು ಹಿಗ್ಗಿದ ಮನುಷ್ಯ ಯಾರಾದರೂ ಇದ್ದರೆ ಅವರೇ ಇರಬೇಕು. ಆ ಛತ್ರದ ಹುಡುಗ 1980ರಲ್ಲಿ ಲಂಡನ್ನಿಗೆ ಹೋಗಿ ಲೀಮ್ ಸ್ವೀ ಕಿಂಗ್‌ರನ್ನು 15–3, 15–10ರಲ್ಲಿ ಸೋಲಿಸಿ ಆಲ್ ಇಂಗ್ಲೆಂಡ್ ಗೆದ್ದು ಬಂದರು. ನಾವೋ, ಎರಡು ಹನಿ ಮಳೆ ಬಿದ್ದರೆ ಶೂ ಒದ್ದೆಯಾಗುತ್ತದೆ ಎಂದು ಹೊದಿಕೆ ಎಳೆದುಕೊಳ್ಳುವವರು.

ಕ್ರಿಕೆಟಿನ ರಾಹುಲ್ ದ್ರಾವಿಡರದು ಇನ್ನೊಂದು ಬಗೆ. 2008ರ ಜನವರಿ, ಸಿಡ್ನಿ ಟೆಸ್ಟು. 18ರಲ್ಲಿ ನಿಂತ ಸ್ಕೋರು 19 ಆಗುವುದಕ್ಕೆ 40 ಚೆಂಡು ಹಿಡಿಯಿತು. ಆ ಒಂದು ರನ್ ಬಂದಾಗ ಇಡೀ ಕ್ರೀಡಾಂಗಣ ಶತಕ ಹೊಡೆದಂತೆ ಚಪ್ಪಾಳೆ ತಟ್ಟಿತು, ಅವರೂ ಬ್ಯಾಟೆತ್ತಿ ತೋರಿಸಿದರು. ತೂಕದ ಯಂತ್ರದ ಮೇಲೆ ನಿಂತು, ತಿಂಗಳಾದರೂ ಮುಳ್ಳು ಅಲ್ಲಾಡಲಿಲ್ಲ ಎಂದು ಅದನ್ನು ಮಂಚದ ಕೆಳಗೆ ತಳ್ಳುವ ಮಹನೀಯರು ಆ ಹೊತ್ತಿನ ಅವರ ಮುಖ ಒಮ್ಮೆ ನೋಡಬೇಕು. ನಗುತ್ತಿದ್ದರು ಕಣ್ರೀ.

ಎದುರಾಳಿ ಸಿಕ್ಕಿದ ಕೂಡಲೇ ಎಲ್ಲವೂ ಸರಿಹೋಗುತ್ತದೆ ಅಂತಲೂ ಅಲ್ಲ. ಮೋಸವೂ ಅವನ ಬೆನ್ನಿಗೇ ಬರುತ್ತದೆ. ನನಗೆ ಗೊತ್ತಿರುವ ಒಂದು ಆಫೀಸಿನಲ್ಲಿ ದಿನಕ್ಕೆ ಹತ್ತು ಸಾವಿರ ಹೆಜ್ಜೆಯ ಸ್ಪರ್ಧೆ ಇಟ್ಟರು. ಆ ಹತ್ತು ಸಾವಿರವನ್ನು ವೈದ್ಯರು ಕೂತು ಗುಣಿಸಿ ತೆಗೆದದ್ದೇನೂ ಅಲ್ಲ, 1965ರಲ್ಲಿ ಜಪಾನಿನ ಒಂದು ಕಂಪನಿ ಹೆಜ್ಜೆ ಎಣಿಸುವ ಯಂತ್ರ ಮಾರಲು ಆರಿಸಿಕೊಂಡ ದುಂಡು ಸಂಖ್ಯೆ. ಇರಲಿ. ಸ್ಪರ್ಧೆಯ ಎರಡನೇ ವಾರದಲ್ಲಿ ನಿವೃತ್ತಿಯ ಅಂಚಿನಲ್ಲಿದ್ದ ಒಬ್ಬ ಸೂಪರಿಂಟೆಂಡೆಂಟರು ಎಲ್ಲರನ್ನೂ ಹಿಂದಿಕ್ಕಿ ದಾಪುಗಾಲು ಹಾಕತೊಡಗಿದರು. ಮನುಷ್ಯ ಸೀಟು ಬಿಟ್ಟು ಏಳುತ್ತಿರಲಿಲ್ಲ, ಹೆಜ್ಜೆ ಮಾತ್ರ ಏರುತ್ತಿತ್ತು. ಕೊನೆಗೆ ತಿಳಿಯಿತು: ವಾಚು ಅವರ ನಾಲ್ಕು ವರ್ಷದ ಮೊಮ್ಮಗನ ಕೈಯಲ್ಲಿತ್ತು. ‘ತಾತಂಗೋಸ್ಕರ ಸ್ವಲ್ಪ ಓಡಾಡೋ ಪುಟ್ಟಾ’ ಎಂದು ದಿನಾ ಒಂದು ಚಾಕೊಲೇಟಿನ ಲಂಚವಂತೆ. ಮನೆಯಲ್ಲಿ ಒಬ್ಬರಾದರೂ ಆರೋಗ್ಯವಂತರಾದರಲ್ಲ.

ಮೊಮ್ಮಗನನ್ನು ಓಡಿಸಿ ತಾತ ಕೂರುವುದಕ್ಕಿಂತ ಇಬ್ಬರೂ ಒಂದೇ ಮೈದಾನಕ್ಕೆ ಇಳಿಯುವ ಕ್ರಮ ನನಗೆ ಹೆಚ್ಚು ಹಿಡಿಸಿದೆ, ಅದನ್ನು ಕೊಡಗಿನವರಲ್ಲಿ ನೋಡಬೇಕು. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ ಕೊಡವ ಕುಟುಂಬಗಳ ಹಾಕಿ ಹಬ್ಬ ಶುರುಮಾಡಿದಾಗ ಬಂದದ್ದು 60 ತಂಡ. 2024ರಲ್ಲಿ ನಾಪೋಕ್ಲಿನಲ್ಲಿ ಅದು 360 ಆಯಿತು. ಕ್ಲಬ್ಬಿಲ್ಲ, ಕಂಪನಿಯಿಲ್ಲ, ಜೆರ್ಸಿಯ ಮೇಲೆ ಮನೆತನದ ಹೆಸರು. ದೇಶಕ್ಕೆ ಆಡಿದವನ ಪಕ್ಕದಲ್ಲಿ ಅವನ ಸೋದರತ್ತೆ, ಶಾಲೆಗೆ ಹೋಗುವ ಹುಡುಗಿ, ಪೆನ್ಷನ್ ತೆಗೆದುಕೊಳ್ಳುವ ದೊಡ್ಡಪ್ಪ. ವರ್ಷವಿಡೀ ಕಾಫಿ ತೋಟದಲ್ಲೋ ಬೆಂಗಳೂರಿನ ಕುರ್ಚಿಯಲ್ಲೋ ಕೂತಿದ್ದ ದೊಡ್ಡಪ್ಪ ಬೇಸಿಗೆ ಹತ್ತಿರ ಬಂದಂತೆ ಸದ್ದಿಲ್ಲದೆ ಸ್ಟಿಕ್ ಹುಡುಕಿ ತೆಗೆಯುತ್ತಾರೆ. ಆಚೆ ಮನೆಯವರ ಎದುರು ನಾಲ್ಕು ಜನ ಕೂಗುವಾಗ ಉಸಿರು ಹಿಡಿದು ಸೊಂಟ ಹಿಡಿದು ನಿಲ್ಲಬಾರದಲ್ಲ! ಅವರಿಗೆ ಕೊಲೆಸ್ಟ್ರಾಲಿನ ಪಾಠ ಹೇಳಬೇಕಾಗಿಲ್ಲ. ಮನೆತನದ ಮರ್ಯಾದೆ ಅದಕ್ಕಿಂತ ಮೊದಲೇ ರಕ್ತನಾಳ ಹೊಕ್ಕಿರುತ್ತದೆ.

ನನ್ನ ಮನೆತನದಲ್ಲಿ ಹಾಕಿ ಇಲ್ಲ. ಕೇರಂ ಇತ್ತು, ಅದೂ ಪೌಡರಿನ ವಿಷಯಕ್ಕೆ ಜಗಳವಾಗಿ ನಿಂತಿತು. ಚೌಕುಳಿ ಅಂಗಿಯ ರಾಯರು ಈಚೆಗೆ ಮಗನ ಮನೆಗೆಂದು ಪುಣೆಗೆ ಹೋಗಿದ್ದಾರಂತೆ, ಯಾವಾಗ ಬರುತ್ತಾರೋ ತಿಳಿಯದು. ಆದಕಾರಣ ಸಂಬಂಧಪಟ್ಟವರ ಗಮನಕ್ಕೆ: ದಕ್ಷಿಣ ಬೆಂಗಳೂರಿನ ಕಡೆ, ಬೆಳಗಿನ ಹೊತ್ತು, ಎದುರಾಳಿ ಬೇಕಾಗಿದ್ದಾರೆ. ವಯಸ್ಸು ಐವತ್ತೈದರಿಂದ ಅರವತ್ತೈದು. ಮಂಡಿನೋವು ಇರುವವರಿಗೆ ಆದ್ಯತೆ. ಎಡಮಂಡಿಯಾದರೆ ಉತ್ತಮ, ನನ್ನದು ಬಲಗಡೆ. ಈಗಾಗಲೇ ಮೆಡಲು ಪಡೆದವರು, ನಾಡಿ ಎಣಿಸುವ ವಾಚು ಕಟ್ಟಿದವರು, ಹೊಸದಾಗಿ ನಿವೃತ್ತರಾಗಿ ಹುರುಪಿನಲ್ಲಿರುವವರು ಅರ್ಜಿ ಹಾಕಬೇಕಾಗಿಲ್ಲ. ಗೆಲ್ಲುವ ಹಟ ಇರಬೇಕು, ಗೆಲ್ಲುವ ಶಕ್ತಿ ಇರಬಾರದು. ಸೋತವರು ಮಸಾಲೆ ದೋಸೆ ಕೊಡಿಸತಕ್ಕದ್ದು, ಅದರ ಮೇಲಿನ ಬೆಣ್ಣೆ ಎಷ್ಟೆಂಬುದು ಗೆದ್ದವರ ವಿವೇಚನೆಗೆ ಬಿಟ್ಟದ್ದು. ವಿಷಯ ನಮ್ಮಿಬ್ಬರ ಡಾಕ್ಟರಿಗೂ ತಿಳಿಯತಕ್ಕದ್ದಲ್ಲ.