ಕೋಡುಬಳೆ ತಿಂದು ಹಾಕಿದ ಸಹಿ

ಹನ್ನೊಂದು ವರ್ಷದ ಹಿಂದೆ ಪಕ್ಕದ ಮನೆ ರಾಯರು ಕಾಂಪೌಂಡಿನಾಚೆಯಿಂದ "ಬನ್ನಿ, ಒಂದು ಲೋಟ ಕಾಫಿ ಕುಡಿದು ಹೋಗಿ" ಎಂದು ಕರೆದಿದ್ದರು. ಕಾಫಿಯ ಜೊತೆಗೆ ಎರಡು ಕೋಡುಬಳೆ, ಕೋಡುಬಳೆಯ ಜೊತೆಗೆ ಒಂದು ಉಯಿಲು. ಸಾಕ್ಷಿ ಎಂದಿದ್ದ ಕಡೆ ಸಹಿ ಹಾಕಿ ಬಂದೆ. ಮೊನ್ನೆ ಕೋರ್ಟಿನ ಅಮೀನ ನಮ್ಮ ಶಿವಮೊಗ್ಗದ ಮನೆಯ ಗೇಟು ಅಲುಗಿಸಿದಾಗಲೇ ಗೊತ್ತಾದದ್ದು, ಆ ಕೋಡುಬಳೆ ಇನ್ನೂ ಅರಗಿರಲಿಲ್ಲವೆಂದು.

ರಾಯರು ಈಗಿಲ್ಲ. ಮಕ್ಕಳು ಮನೆಗಾಗಿ ದಾವೆಗಿಳಿದಿದ್ದಾರೆ. ಉಯಿಲಿಗೆ ಇಬ್ಬರು ಸಾಕ್ಷಿಗಳು ಬೇಕು. ಅದನ್ನು ರುಜುವಾತು ಮಾಡುವಾಗ ಬದುಕಿರುವ ಒಬ್ಬನನ್ನಾದರೂ ಕೋರ್ಟಿಗೆ ಕರೆಸಬೇಕು. ಇನ್ನೊಬ್ಬ ಸಾಕ್ಷಿ ರಾಯರ ಹಿಂದೆಯೇ ಹೊರಟುಹೋದರು. ಉಳಿದದ್ದು ನಾನೇ.

ಸಮನ್ಸಿನ ಜೊತೆಗೆ ಅಮೀನ ಬಟ್ಟಾ ಎಣಿಸಿ ಕೊಟ್ಟ. ಸಾಕ್ಷಿ ಹೋಗಿಬರುವ ಖರ್ಚನ್ನು ಕರೆಸುವವರು ಮೊದಲೇ ಕೋರ್ಟಿಗೆ ಕಟ್ಟಬೇಕು. "ಅಯ್ಯೋ, ದುಡ್ಡು ಕೊಟ್ಟು ಕರೀತಾರೇನ್ರೀ?" ಎಂದು ನನ್ನವಳು ಕಣ್ಣರಳಿಸಿದಳು. ನಿಜವೇ, ಮದುವೆಗೆ ಕರೆಯುವವರು ಯಾರೂ ಬಸ್ ಚಾರ್ಜು ಕೊಡುವುದಿಲ್ಲ. ಆದರೆ ಮದುವೆಗೆ ಹೋಗದವನ ಮೇಲೆ ವಾರಂಟು ಹೊರಡುವುದಿಲ್ಲ, ಆಸ್ತಿ ಜಪ್ತಿಯಾಗುವುದಿಲ್ಲ.

ಬೆಂಗಳೂರಿನ ಮಗಳ ಮನೆಗೆ ಜಾರಿಕೊಳ್ಳೋಣವೆಂದರೆ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆ ಅದನ್ನೂ ಯೋಚಿಸಿಟ್ಟಿದೆ. ಮಾಮೂಲು ಮಿತಿ 100 ಕಿಲೋಮೀಟರ್. ದಾರಿಯ ಆರು ಪಾಲಲ್ಲಿ ಐದು ಪಾಲಿಗೆ ರೈಲೋ ಬಸ್ಸೋ ಇದ್ದರೆ 500 ಕಿಲೋಮೀಟರ್ ಒಳಗಿನವರನ್ನೂ ಎಳೆತರಬಹುದು. ಶಿವಮೊಗ್ಗಕ್ಕೆ ರೈಲು ತಂದವರ ಮೇಲೆ ಅಂದೇ ಮೊದಲ ಸಲ ಸಿಟ್ಟು ಬಂತು.

ಜವಾನ ಮೂರು ಸಲ ನನ್ನ ಹೆಸರು ಕೂಗಿದ. ಮೂರನೆಯ ಕೂಗು ನಮ್ಮ ಪಿತೃಗಳಿಗೂ ಕೇಳಿಸಿರಬೇಕು. ಕಟಕಟೆ ಹತ್ತಿ ಪ್ರಮಾಣ ಮಾಡಿದೆ. ಉಯಿಲಿನಲ್ಲಿ ಏನಿತ್ತೆಂದು ನನಗೆ ಗೊತ್ತಿರಲಿಲ್ಲ. ಸಾಕ್ಷಿಗೆ ಅದು ಗೊತ್ತಿರಬೇಕಾಗಿಯೂ ಇಲ್ಲವಂತೆ, ಸಹಿ ಹಾಕಿದ್ದನ್ನು ಕಂಡಿದ್ದರೆ ಸಾಕು. ಪಾಟಿ ಸವಾಲು ಶುರುವಾಯಿತು.

"ರಾಯರು ಸಹಿ ಹಾಕಿದ್ದನ್ನು ನೀವು ನೋಡಲೇ ಇಲ್ಲ ಎಂದರೆ ಸರಿಯೇ?"

"ಸರಿಯಲ್ಲ."

"ಹನ್ನೊಂದು ವರ್ಷದ ಮಾತು ಅಷ್ಟು ಖಚಿತವಾಗಿ ಹೇಗ್ರೀ ನೆನಪಿದೆ?"

"ಪೆನ್ನು ನನ್ನದು ಸ್ವಾಮಿ. ಮೊದಲು ರಾಯರು ಈಸಿಕೊಂಡು ಸಹಿ ಹಾಕಿದರು, ಆಮೇಲೆ ನಾನು. ಕೊನೆಗೆ ಇನ್ನೊಬ್ಬರು ಹಾಕಿ, ಅದನ್ನು ತಮ್ಮ ಜೇಬಿಗೆ ಸಿಕ್ಕಿಸಿಕೊಂಡು ಹೋದರು. ಕೇಳೋದಕ್ಕೆ ಸಂಕೋಚವಾಯಿತು."

ನ್ಯಾಯಾಧೀಶರು ತುಟಿ ಬಿಗಿಹಿಡಿದು ಬರೆಸಿದರು: "ಸದರಿ ಪೆನ್ನು ಸಾಕ್ಷಿಗೆ ವಾಪಸು ಬಂದಿರುವುದಿಲ್ಲ."

ಹೇಳಿಕೆಗೆ ಸಹಿ ಹಾಕಲು ಕರೆದರು. ಜೇಬು ತಡವಿಕೊಂಡೆ, ಪೆನ್ನಿರಲಿಲ್ಲ. ಬೆಂಚ್ ಕ್ಲರ್ಕ್ ತಮ್ಮದನ್ನು ನನ್ನತ್ತ ಸರಿಸಿದರು. ಅದನ್ನು ಮೇಜಿನ ಕಾಲಿಗೆ ದಾರ ಹಾಕಿ ಕಟ್ಟಿತ್ತು.